ಚಿಕ್ಕಪ್ಪನ ಮಣ್ಣಿನ ಹಕ್ಕಿ

ನನ್ನ ಚಿಕ್ಕಪ್ಪ ಜೀವಮಾನದಲ್ಲಿ ಒಂದು ಸಲವೂ ಸೋತವರಲ್ಲ. ಅನುಮಾನವಿದ್ದರೆ ಅವರನ್ನೇ ಕೇಳಿ ನೋಡಿ! ಹದಿಮೂರು ವರ್ಷ ಬಿಡದೆ ಒಂದೇ ಕ್ಲಬ್ಬಿನ ಶೂಟಿಂಗ್ ಸ್ಪರ್ಧೆಗೆ ಹೋದರು. ಹದಿಮೂರು ಸಲವೂ ಬೆಳ್ಳಿ ಕಪ್ ಬೇರೆಯವರ ಜೀಪು ಹತ್ತಿತು. ಆದರೂ ಚಿಕ್ಕಪ್ಪ ಸೋಲಲಿಲ್ಲ. ಒಂದು ವರ್ಷ ಬಿಸಿಲು ಕಣ್ಣಿಗೆ ಹೊಡೆಯಿತು, ಇನ್ನೊಂದು ವರ್ಷ ಬಂದೂಕಿಗೆ ತುಂಬುವ ತೋಟೆಗಳು ಥಂಡಿ ಹಿಡಿದಿದ್ದವು, ಉಳಿದ ಹನ್ನೊಂದು ವರ್ಷ ರೆಫರೀ ಇದ್ದರು. ಇದರಲ್ಲಿ ಚಿಕ್ಕಪ್ಪನ ತಪ್ಪೇನಿದೆ, ನೀವೇ ಹೇಳಿ.

ಈ ಆಟ ನೋಡದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಒಂದು ಗುಂಡಿ. ಗುಂಡಿಯೊಳಗೆ ಸ್ಪ್ರಿಂಗಿನ ಮಿಷನ್ನು. ಮಿಷನ್ನಿನ ಮೇಲೆ ಸಾಸರಿನಷ್ಟು ಅಗಲದ ಮಣ್ಣಿನ ಬಿಲ್ಲೆ. ಅದಕ್ಕೆ ಹಕ್ಕಿ ಎಂದು ಹೆಸರು. ಬಂದೂಕು ಹೆಗಲಿಗೇರಿಸಿ “ಪುಲ್” ಎಂದರೆ ಹಿಂದೆ ಕೂತ ಪುಲ್ಲರ್ ಹಗ್ಗ ಎಳೆಯುತ್ತಾನೆ, ಹಕ್ಕಿ ಹಾರುತ್ತದೆ, ನೀವು ಹೊಡೆಯುತ್ತೀರಿ. ಒಂದು ಚೂರಾದರೂ ಸಿಡಿದದ್ದು ಕಂಡರೆ ರೆಫರೀ “ಹಿಟ್” ಎನ್ನುತ್ತಾರೆ, ಕಾಣದಿದ್ದರೆ “ಲಾಸ್ಟ್”. ಹೀಗೆ ಇಪ್ಪತ್ತೈದು ಹಕ್ಕಿ. ಇಷ್ಟೇ ಆಟ. ಇದರಲ್ಲಿ ಜಗಳಕ್ಕೆ ಜಾಗವೆಲ್ಲಿ ಎನ್ನುತ್ತೀರಾ? ಹಾಗಾದರೆ ನೀವು ನನ್ನ ಚಿಕ್ಕಪ್ಪನನ್ನು ನೋಡಿಲ್ಲ.

ಕ್ಲಬ್ಬು ಇದ್ದದ್ದು ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ದಾರಿಯಲ್ಲಿ. ಹೆಸರು ಬೇಡ, ಅವರ ವರಾಂಡದಲ್ಲಿ ನಾನೂ ಕಾಫಿ ಕುಡಿದವನು. ಅದರ ಸದಸ್ಯರಾಗಲು ಕನಿಷ್ಠ ಐವತ್ತೆಕರೆ ತೋಟ ಇರಬೇಕಿತ್ತು. ಚಿಕ್ಕಪ್ಪನದು ಎಂಟೆಕರೆ, ಅದರಲ್ಲೂ ಒಂದೂವರೆ ಎಕರೆ ಬಂಡೆ. ಆದರೆ ವರ್ಷಕ್ಕೊಮ್ಮೆ, ಕಾಫಿ ಕೊಯ್ಲು ಮುಗಿದು ಎಲ್ಲರೂ ಗಿಡ ಹೂ ಬಿಡಿಸುವ ಹೂಮಳೆಗೆ ಆಕಾಶ ನೋಡುತ್ತ ಕೂರುವ ದಿನಗಳಲ್ಲಿ, ಹೊರಗಿನವರೂ ಹೊಡೆಯಬಹುದಾದ ಓಪನ್ ಶೂಟ್ ನಡೆಯುತ್ತಿತ್ತು. ಗೆದ್ದವರ ಹೆಸರನ್ನು ವರಾಂಡದ ಬೀಟೆ ಹಲಗೆಯ ಮೇಲೆ ಬಂಗಾರದ ಬಣ್ಣದಲ್ಲಿ ಬರೆಸುತ್ತಿದ್ದರು. ಮೇಲಿಂದ ಕೆಳಗಿನವರೆಗೂ ಎಲ್ಲ ದೊಡ್ಡ ತೋಟಗಳ ಹೆಸರುಗಳೇ.

“ಎಂಟೆಕರೆಯವನ ಹೆಸರೊಂದು ಆ ಹಲಗೆ ಮೇಲೆ ಬರಬೇಕು ಕಣೋ. ಯಾರೂ ಕೊಟ್ಟು ಬರಬಾರದು, ಹೊಡೆದು ಬರಬೇಕು,” ಎನ್ನುತ್ತಿದ್ದರು ಚಿಕ್ಕಪ್ಪ. ಅವರಿಗೆ ಇದ್ದದ್ದು ಆ ಒಂದೇ ಆಸೆ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ನನಗೆ ಒಂದು ಹಳೇ ಜೀಪಿತ್ತು. ಆ ಒಂದು ತಪ್ಪಿಗೆ ನಾನು ಅವರ ಡ್ರೈವರ್, ತೋಟೆ ಚೀಲ ಹೊರುವವನು ಮತ್ತು ಎಲ್ಲ ಜಗಳಗಳ ಖಾಯಂ ಸಾಕ್ಷಿ.

ರೆಫರೀ ಒಬ್ಬ ನಿವೃತ್ತ ಎಸ್ಟೇಟ್ ಮ್ಯಾನೇಜರ್. ಮೂವತ್ತು ವರ್ಷ ಧಣಿಗಳ ಎದುರು ನಿಂತು “ಹೌದು ಸಾರ್” ಎಂದ ಮನುಷ್ಯ. ಧಣಿ ಹೊಡೆದ ಹಕ್ಕಿ ಒಡೆಯಲಿಲ್ಲ ಎಂದು ಹೇಳಲು ಪಾಪ ಅವರಿಗೆ ಬಾಯಾದರೂ ಹೇಗೆ ಬಂದೀತು! ಪುಲ್ಲರ್ ಕ್ಲಬ್ಬಿನ ಪ್ರೆಸಿಡೆಂಟರ ತೋಟದ ಲೆಕ್ಕ ಬರೆಯುವ ರೈಟರ್. ಪ್ರೆಸಿಡೆಂಟರು “ಪು” ಎನ್ನುವಷ್ಟರಲ್ಲಿ ಹಕ್ಕಿ ನೆಟ್ಟಗೆ, ವಿನಯದಿಂದ ಹಾರಿಬರುತ್ತಿತ್ತು. ಚಿಕ್ಕಪ್ಪ “ಪುಲ್” ಎಂದು ಕೂಗಿ, ಉಸಿರು ಹಿಡಿದು, ಹಿಡಿದದ್ದು ಸಾಲದೆ ಬಿಟ್ಟ ಮೇಲೆ ಹಕ್ಕಿ ಓರೆಯಾಗಿ ಹೊರಡುತ್ತಿತ್ತು. ಇದೆಲ್ಲ ನಿಜವೋ, ಚಿಕ್ಕಪ್ಪನ ಕಲ್ಪನೆಯೋ ಎಂದು ನೀವು ಕೇಳಬಹುದು. ಅರ್ಧ ನಿಜ, ಅರ್ಧ ಚಿಕ್ಕಪ್ಪ.

ಒಂದು ವರ್ಷ ನಡೆದದ್ದಂತೂ ನಾನೇ ಕಣ್ಣಾರೆ ಕಂಡದ್ದು. ಚಿಕ್ಕಪ್ಪ ಬಂದೂಕು ಎತ್ತಿ ನಿಂತಿದ್ದಾರೆ. ಕಾಡುಹೂವಿನ ಧೂಳೋ ಏನೋ, ಜೋರಾಗಿ ಸೀನು ಬಂತು. ಸೀನಿನ ಹಿಂದೆಯೇ ಹಕ್ಕಿಯೂ ಹಾರಿತು! ಮೂಗು ಒರೆಸಿಕೊಂಡು ತಲೆ ಎತ್ತುವಷ್ಟರಲ್ಲಿ ಅದು ಆಚೆ ಇಳಿಜಾರಿಗೆ ಬಿದ್ದಾಗಿತ್ತು.

“ಲಾಸ್ಟ್,” ಎಂದರು ರೆಫರೀ.

“ಎಂಥ ಲಾಸ್ಟ್ ಮಾರಾಯ್ರೇ! ನಾನು ಸೀನಿದ್ದು!”

“ಯಾವ ಶಬ್ದ ಮಾಡಿದ್ರೂ ಪುಲ್ ಅಂತಲೇ ಲೆಕ್ಕ. ಪುಲ್ಲರ್ ಏನು ನಿಮ್ಮ ಮೂಗು ನೋಡ್ಕೊಂಡು ಕೂರ್ಬೇಕಾ?”

“ಜೀವನಪೂರ್ತಿ ನಾನು ಕೂಗಿದ್ದು ಕೇಳದ ಪುಲ್ಲರ್‌ಗೆ ಸೀನಿದ್ದು ಹ್ಯಾಗೆ ಕೇಳ್ತು?”

ಇದು ಒಳ್ಳೆಯ ಪ್ರಶ್ನೆಯೇ. ಅರ್ಧ ಗಂಟೆಯ ನಂತರ ಪ್ರೆಸಿಡೆಂಟರಿಗೂ ಸೀನು ಬಂತು, ಅವರಿಗೂ ಹಕ್ಕಿ ಹಾರಿತು. ರೆಫರೀ ಓಡಿಬಂದು “ನೋ ಬರ್ಡ್ ಸಾರ್, ಇನ್ನೊಂದು ಕೊಡ್ತೇವೆ, ನೀರು ಕುಡೀತೀರಾ?” ಎಂದರು. ಚಿಕ್ಕಪ್ಪ ಮರುವರ್ಷ ಹೋಗುವಾಗ ನಶ್ಯದ ಡಬ್ಬಿ ತೆಗೆದುಕೊಂಡು ಹೋಗಿ ಪ್ರೆಸಿಡೆಂಟರು ನಿಲ್ಲುವ ಜಾಗದ ಪಕ್ಕದಲ್ಲೇ ತೆರೆದಿಟ್ಟರು. ಗಾಳಿ ತಿರುಗಿ ಎಲ್ಲ ನಮ್ಮ ಮುಖಕ್ಕೇ ಬಂತು.

ನೋಡಿದಿರಲ್ಲ, ಚಿಕ್ಕಪ್ಪನೇನೂ ಸಾಧುವಲ್ಲ. ಬೇರೆಯವರು ಗುರಿ ಹಿಡಿದ ಹೊತ್ತಿಗೇ ಅವರ ತಿಂಡಿ ಡಬ್ಬಿಯ ಮುಚ್ಚಳ ಕೈಜಾರಿ ಕಲ್ಲಿನ ಮೇಲೆ ಬೀಳುತ್ತಿತ್ತು. ಗೆದ್ದವರನ್ನು ಅಭಿನಂದಿಸುವ ಅವರ ಕ್ರಮವಂತೂ ಪ್ರಸಿದ್ಧ. “ಚೆನ್ನಾಗಿ ಹೊಡೆದ್ರಿ ಸಾರ್. ರೆಫರೀನೂ ಚೆನ್ನಾಗಿ ಹೊಡೆದ್ರು,” ಎಂದು ಇಬ್ಬರ ಕೈಯನ್ನೂ ಕುಲುಕುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಕಥೆ ಅವರ ಗೋಣಿಚೀಲದ್ದು. ಸ್ಪರ್ಧೆ ಮುಗಿದು ಎಲ್ಲರೂ ಊಟಕ್ಕೆ ಕೂತರೆ ಚಿಕ್ಕಪ್ಪ ಇಳಿಜಾರಿಗಿಳಿದು ಲಂಟಾನದ ಪೊದೆಯೊಳಗೆ ನುಗ್ಗಿ, ಒಡೆಯದೆ ಬಿದ್ದ ಬಿಲ್ಲೆಗಳನ್ನು ಆರಿಸುತ್ತಿದ್ದರು. ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡುವುದು. ಚರೆ ತಾಗಿ ತೂತು ಬಿದ್ದಿದ್ದರೆ ಅದು ತಮ್ಮದೇ! “ನೋಡೋ, ಮೂರು ತೂತು! ಇದಕ್ಕೆ ಲಾಸ್ಟ್ ಅಂದ್ರಲ್ಲ, ಇವರ ಮನೆ ಹಾಳಾಗ!” ಅದರ ಬೆನ್ನಿಗೆ ಸುಣ್ಣದಲ್ಲಿ ಇಸವಿ ಬರೆದು ಒಣಗಿಸಿದ ಕಾಫಿ ಬೀಜ ತುಂಬುವ ಗೋಣಿಚೀಲಕ್ಕೆ ಹಾಕುವುದು. ಆರು ವರ್ಷಕ್ಕೆ ಚೀಲ ತುಂಬಿತು. ಹೊತ್ತುಕೊಂಡು ಹೋಗಿ ಕ್ಲಬ್ಬಿನ ಕಮಿಟಿಯ ಮೇಜಿನ ಮೇಲೆ ಸುರಿದರು.

ಪ್ರೆಸಿಡೆಂಟರು ರೂಲ್ ಬುಕ್ಕು ತರಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಕೊಟ್ಟರು. ಚೂರು ಹಾರಬೇಕು, ಬರೀ ತೂತು ಬಿದ್ದರೆ ಲೆಕ್ಕಕ್ಕಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಆರು ವರ್ಷದ ಸಾಕ್ಷ್ಯ ಒಂದೇ ಸಾಲಿಗೆ ಮಣ್ಣಾಯಿತು! ಬೇರೆ ಯಾರಾದರೂ ಆಗಿದ್ದರೆ ನಾಚಿಕೊಂಡು ಮನೆಗೆ ಹೋಗುತ್ತಿದ್ದರು. ಚಿಕ್ಕಪ್ಪ ಕನ್ನಡಕ ಏರಿಸಿ ಮುಂದಿನ ಸಾಲನ್ನೂ ಓದಿದರು.

“ಬರೀ ಧೂಳು ಹಾರಿದ್ರೂ ಲೆಕ್ಕಕ್ಕಿಲ್ಲ ಅಂತ ಇದೆಯಲ್ಲ ಸಾರ್. ಹೋದ ವರ್ಷ ನಿಮ್ದು ಧೂಳು ಹಾರಿದ್ದಕ್ಕೆ ಎರಡು ಹಿಟ್ ಕೊಟ್ಟಿದ್ದಾರೆ. ಕಪ್ ವಾಪಸ್ ತರ್ತೀರಾ, ನಾನೇ ಮನೆಗೆ ಬರ್ಲಾ?”

ಆಮೇಲೆ ಕಮಿಟಿ ಮೀಟಿಂಗಿಗೆ ಹೊರಗಿನವರು ಬರುವಂತಿಲ್ಲ ಎಂಬ ಹೊಸ ರೂಲು ಬಂತು. ಬಿಲ್ಲೆಗಳನ್ನೆಲ್ಲ ಚಿಕ್ಕಮ್ಮ ಉಪ್ಪಿನಕಾಯಿ ಭರಣಿಗಳಿಗೆ ಮುಚ್ಚಿದರು. ತೂತಿನಿಂದ ಇರುವೆ ಹೋಗುತ್ತದೆಂದು ಬೈಯುತ್ತಲೇ ಮುಚ್ಚಿದರು.

ಆ ಕಾಲದಲ್ಲಿ ದಿಲ್ಲಿಯಲ್ಲಿ ಪದೇ ಪದೇ ಸರ್ಕಾರ ಬೀಳುತ್ತಿತ್ತು. ಅದಕ್ಕೂ ಚಿಕ್ಕಪ್ಪನಿಗೂ ಏನು ಸಂಬಂಧ? ಸಂಬಂಧವಿದೆ! ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಯಲ್ಲಿ ಇಟ್ಟುಬರಬೇಕು. ಒಮ್ಮೆ ಸ್ಪರ್ಧೆಗೆ ಸ್ವಲ್ಪ ಮುಂಚೆಯೇ ಚುನಾವಣೆ ಬಂತು. ಸ್ಪರ್ಧೆಯನ್ನೇನೋ ಮುಂದೂಡಿದರು, ಆದರೆ ಚಿಕ್ಕಪ್ಪನ ಪ್ರಾಕ್ಟೀಸು? ಮನೆ ಮುಂದೆ ಕಾಫಿ ಒಣಗಿಸುವ ಕಣದಲ್ಲಿ ಕೊಡೆಯನ್ನೇ ಹೆಗಲಿಗಿಟ್ಟು ನಿಂತರು. ಚಿಕ್ಕಮ್ಮ ಹಿಂದಿನ ದಿನದ ಅಕ್ಕಿರೊಟ್ಟಿ ಎಸೆಯಬೇಕು, ಇವರು ಕೊಡೆಯಿಂದ ಗುರಿ ಹಿಡಿದು “ಢಂ” ಎನ್ನಬೇಕು.

ನಾಲ್ಕು ರೊಟ್ಟಿ ಎಸೆದ ಚಿಕ್ಕಮ್ಮ, “ಲಾಸ್ಟ್,” ಎಂದರು.

“ನಿಂಗೆ ಹ್ಯಾಗೆ ಗೊತ್ತೇ?”

“ರೊಟ್ಟಿ ಇಡೀ ಬಿದ್ದಿದೆ, ನೋಡಿ.”

“ಕೊಡೇಲಿ ಹೊಡೆದ್ರೆ ರೊಟ್ಟಿ ಇಡೀ ಬೀಳದೆ ಇನ್ನೇನಾಗ್ತದೆ!” ಎಂದು ಚಿಕ್ಕಪ್ಪ ಮನೆಯ ರೆಫರೀ ಜೊತೆಯೂ ಮಧ್ಯಾಹ್ನದವರೆಗೆ ಜಗಳವಾಡಿದರು. ಅಷ್ಟರಲ್ಲಿ ಎಲ್ಲ ಹಕ್ಕಿಗಳನ್ನೂ ನಾಯಿ ತಿಂದು ಮುಗಿಸಿತ್ತು.

ಹೀಗೆ ಹದಿಮೂರು ವರ್ಷ ಕಳೆಯಿತು. ಹದಿನಾಲ್ಕನೇ ವರ್ಷ ಕರೆದೊಯ್ಯಲು ನಾನು ಹೋದಾಗ ಚಿಕ್ಕಮ್ಮ ನನ್ನನ್ನು ಹಿತ್ತಿಲಿಗೆ ಕರೆದರು. “ಇವರ ಕಣ್ಣು ಹೋಗ್ತಿದೆ ಮಾರಾಯ. ಒಳಗೆ ಎಂಥದೋ ಪ್ರೆಶರ್ ಅಂತೆ, ಚಿಕ್ಕಮಗಳೂರಿನ ಡಾಕ್ಟ್ರು ಹೇಳಿದ್ರು. ಹೋದದ್ದು ವಾಪಸ್ ಬರೋದಿಲ್ವಂತೆ. ಇದೊಂದು ಸಲ ಹೋಗಿಬರ್ತೇನೆ, ಆಮೇಲೆ ಕೋವಿ ಕೊಟ್ಟುಬಿಡ್ತೇನೆ ಅಂತ ಹಟ.” ಜೀಪಿನಲ್ಲಿ ಚಿಕ್ಕಪ್ಪ ಕಣ್ಣಿನ ವಿಷಯ ಎತ್ತಲಿಲ್ಲ. ದಾರಿಯುದ್ದಕ್ಕೂ ಪುಲ್ಲರನ್ನು ಬೈಯುತ್ತ ಬಂದರು.

ನಾನೇನು ಮಾಡಿದೆ ಗೊತ್ತೇ? ಅವರು ಹೆಸರು ಬರೆಸುವ ಸಾಲಿನಲ್ಲಿ ನಿಂತಾಗ ರೆಫರೀ ಹತ್ತಿರ ಹೋಗಿ, “ಸಾರ್, ಚಿಕ್ಕಪ್ಪನ ಕಣ್ಣು ಹೋಗ್ತಾ ಇದೆ. ಇದೇ ಕಡೇ ಸಲ. ಸ್ವಲ್ಪ ನೋಡ್ಕೊಳ್ಳಿ,” ಎಂದೆ. ದೊಡ್ಡ ಉಪಕಾರ ಮಾಡಿದವನ ಹಾಗೆ ಹೋಗಿ ನೆರಳಲ್ಲಿ ಕೂತೆ.

ಮೊದಲ ಹತ್ತು ಹಕ್ಕಿಯಲ್ಲಿ ಮೂರು ಒಡೆದವು. ಮಿಷನ್ನಿನ ಸದ್ದು ಕೇಳಿ, ಆಕಾಶದಲ್ಲಿ ಸರಿದ ಕಪ್ಪು ಚುಕ್ಕೆಯ ಅಂದಾಜಿಗೆ ಹೊಡೆಯುತ್ತಿದ್ದರೆಂದು ಕಾಣುತ್ತದೆ. ಉಳಿದ ಏಳಕ್ಕೆ “ಲಾಸ್ಟ್” ಎಂದಾಗಲೂ ಚಿಕ್ಕಪ್ಪ ಜಗಳಕ್ಕೆ ತಿರುಗಲಿಲ್ಲ. ಕಾಣದ ಹಕ್ಕಿಯ ಬಗ್ಗೆ ಯಾವ ಧೈರ್ಯದ ಮೇಲೆ ಜಗಳವಾಡುವುದು? ವರಾಂಡದಲ್ಲಿದ್ದವರೆಲ್ಲ ಅವರನ್ನೇ ನೋಡತೊಡಗಿದರು.

ಹನ್ನೊಂದನೆಯದು. ಪುಲ್ ಎಂದ ತಕ್ಷಣ ಹಕ್ಕಿ ನೆಟ್ಟಗೆ ಬಂತು. ಇವರು ಹೊಡೆದರು. ಹಕ್ಕಿ ಇಡಿಯಾಗಿ ಹಾರಿಹೋಯಿತು. “ಹಿಟ್!” ಎಂದರು ರೆಫರೀ. ಹನ್ನೆರಡನೆಯದೂ ಹಾಗೇ. ಹದಿಮೂರನೆಯದಕ್ಕೂ “ಹಿಟ್” ಎಂದಾಗ ಪ್ರೆಸಿಡೆಂಟರು “ಭೇಷ್!” ಎಂದು ಚಪ್ಪಾಳೆ ತಟ್ಟಿದರು.

ಚಿಕ್ಕಪ್ಪ ಬಂದೂಕಿನ ನಳಿಗೆ ಮಡಚಿ ತೋಟೆ ತೆಗೆದು ಹಿಂದಕ್ಕೆ ತಿರುಗಿದರು.

“ಯಾರಿಗೆ ಹಿಟ್ಟು?”

“ನಿಮಗೇ.”

“ಲಂಟಾನದ ಮೇಲೆ ಇಡೀ ಬಿಲ್ಲೆ ಬಿದ್ದ ಸದ್ದು ಕೇಳ್ತು ನಂಗೆ. ಚೂರು ಎಲ್ಲಿ ಹಾರ್ತು?”

“ಹಾರ್ತು ಬಿಡಿ. ನಾನು ನೋಡ್ದೆ.”

“ಎಲ್ಲಿ, ಎಡಕ್ಕಾ ಬಲಕ್ಕಾ?”

ರೆಫರೀ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

“ಲಾಸ್ಟ್ ಅಂತ ಬರ್ಕೊಳ್ಳಿ,” ಎಂದರು ಚಿಕ್ಕಪ್ಪ. “ಅದರ ಹಿಂದಿನ ಎರಡು?”

ರೆಫರೀ, “ಎರಡೂ ಲಾಸ್ಟ್, ಕ್ಷಮಿಸಿ,” ಎಂದರು. ಚಿಕ್ಕಪ್ಪ “ಸರಿ” ಎಂದು ತಿರುಗಿ, ಉಳಿದ ಹನ್ನೆರಡಕ್ಕೂ ಗುಂಡು ಹಾರಿಸಿಯೇ ಮುಗಿಸಿದರು. ಒಟ್ಟು ಒಡೆದದ್ದು ಐದು. ಸ್ಕೋರ್ ಶೀಟಿಗೆ ಒಂದೂ ತಕರಾರಿಲ್ಲದೆ ಸಹಿ ಹಾಕಿದರು. ಸಹಿಯ ಜಾಗವನ್ನು ನಾನು ಬೆರಳಿಟ್ಟು ತೋರಿಸಬೇಕಾಯಿತು.

ಜೀಪು ಎರಡು ಮೈಲಿ ಬಂದಿತ್ತು. ಚಿಕ್ಕಪ್ಪ ನಿಧಾನವಾಗಿ ಹೇಳಿದರು. “ಹದಿಮೂರು ವರ್ಷ ನಂಗೆ ಮೋಸ ಮಾಡಿದ್ರಲ್ಲ, ಆಗ ಇವ ಗೆದ್ದುಬಿಟ್ಟಾನು ಅಂತ ಹೆದರ್ತಿದ್ರು ಕಣೋ. ಇವತ್ತು ಯಾರಿಗೂ ಹೆದರಿಕೆ ಇರ್ಲಿಲ್ಲ.” ಟವೆಲಿನಿಂದ ಮುಖ ಮುಚ್ಚಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವರ ಕಥೆ ಹೇಳಿ ಊರೆಲ್ಲ ನಗಿಸಿದವನು ನಾನು. ನಾಚಿಕೆಯಿಂದ ಕುಗ್ಗಿಹೋದೆ.

“ಅವರಿಗೆ ಹೇಳಿದ್ದು ನಾನೇ ಚಿಕ್ಕಪ್ಪ,” ಎಂದೆ.

“ಗೊತ್ತು. ಇನ್ಯಾರು ಹೇಳ್ತಾರೆ.” ಮೂಗೊರೆಸಿಕೊಂಡು ಗಾಜಿನಾಚೆ ದೃಷ್ಟಿ ನೆಟ್ಟರು. “ನಿಧಾನ ಓಡ್ಸು, ಮುಂದೆ ತಿರುವು ಬಂತು.”

ತಿರುವು ಇರಲಿಲ್ಲ. ರಸ್ತೆ ನೆಟ್ಟಗೆ ಬಿದ್ದುಕೊಂಡಿತ್ತು. ಹೌದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

“ಎಲ್ಲಿಯ ತಿರುವು? ರಸ್ತೆ ನೆಟ್ಟಗಿದೆ.”

“ತಿರುವಿದೆ ಮಾರಾಯ! ಐವತ್ತು ವರ್ಷದಿಂದ ಓಡಾಡಿದ್ದೇನೆ, ನಂಗೆ ಗೊತ್ತಿಲ್ವಾ?”

“ಅದು ಹಿಂದೇನೇ ಹೋಯ್ತು. ನೀವು ಹೇಳಿದ್ದು ತಪ್ಪು.”

“ತಪ್ಪಾ? ನಿಲ್ಸು ಗಾಡಿ!” ಎಂದು ಚಿಕ್ಕಪ್ಪ ಸೀಟಿನ ಮೇಲೆ ನೆಟ್ಟಗಾದರು. ಸ್ವರ ಮೊದಲಿನ ಹಾಗೆ ಏರಿತ್ತು. ಮೂಡಿಗೆರೆ ಬರುವವರೆಗೂ ಇಬ್ಬರೂ ಗಂಟಲು ಹರಿಯುವಂತೆ ಜಗಳವಾಡಿದೆವು. ನಾನು ಒಂದಿಷ್ಟೂ ಬಿಟ್ಟುಕೊಡಲಿಲ್ಲ.