ರಾಡಿ ಬಣ್ಣದ ಕಾರು

ಜನ ಮುಖ ನೋಡಿ ಮಣೆ ಹಾಕುತ್ತಾರೆ ಎನ್ನುವುದು ಹಳೆಯ ಮಾತು. ನನ್ನ ಸೋದರಮಾವ ಕಾರಿನ ಬಣ್ಣ ನೋಡಿ ಮಣೆ ಹಾಕುವವರು! ಸಿಂದಗಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದ ಮಾಮಾ ಸ್ವಂತ ಕಾರು ಕಂಡವರಲ್ಲ. ಅವರ ಆಸ್ತಿ ಒಂದು ಸೈಕಲ್ಲು. ಅದರ ಬಣ್ಣ ಯಾವುದೆಂದು ಕೇಳಿದರೆ "ತುಕ್ಕು" ಎಂದು ಗಂಭೀರವಾಗಿ ಹೇಳುತ್ತಿದ್ದರು. ಆದರೆ ಸಂಜೆ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಕೂತರೆಂದರೆ ಹೋಗಿಬರುವ ಕಾರುಗಳ ಜಾತಕವೆಲ್ಲ ಅವರ ಬಾಯಲ್ಲಿ.

"ಬಿಳೀ ಕಾರಿನವ ಒಂದ ಇಲೆಕ್ಷನ್ನಿಗೆ ನಿಂದ್ರಾಂವ, ಇಲ್ಲಾ ನಿಂತು ಬಿದ್ದಾಂವ. ಕೆಂಪು ಕಾರಿನವ ಮೊದಲ ಹಾರ್ನ್ ಹೊಡೀತಾನ, ಬ್ರೇಕ್ ಆಮ್ಯಾಲ. ನಮ್ಮ ಬಿಸಿಲಾಗ ಕರೀ ಕಾರ್ ತಗೊಂಡಾಂವ ಹೆಂಡ್ತಿ ಮಾತು ಕೇಳಿಲ್ಲ ಅಂತ ತಿಳ್ಕೋ. ಬೂದಿ ಬಣ್ಣದವಂಗ ಏನ ಕೇಳು, 'ನೋಡೂಣು' ಅಂತಾನ!"

ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರ ಮಾಡುವ ನನ್ನ ದೊಡ್ಡಮ್ಮನ ಮಗ ಒಮ್ಮೆ ಹಳದಿ ಕಾರು ಕೊಂಡ. ಪೂಜೆಗೆ ಮಾಮಾನನ್ನೂ ಕರೆದ. ಗಾಲಿಯ ಕೆಳಗೆ ನಿಂಬೆಹಣ್ಣು ಇಡಲು ಅವನು ಬಗ್ಗಿದ್ದೇ ತಡ, ಮಾಮಾ ಕೈ ಹಿಡಿದರು. "ಸಣ್ಣ ಹಣ್ಣ ಯಾಕಪಾ? ನೀ ತಂದದ್ದ ದೊಡ್ಡ ನಿಂಬಿಹಣ್ಣ ಐತಿ!" ಪಾಪ, ಅವನು ಅದೆಷ್ಟೋ ದಿನ ಸಿಂದಗಿಯ ಕಡೆ ಕಾರು ತಿರುಗಿಸಲಿಲ್ಲ.

ನಗುವವರು ನಗಲಿ, ನನ್ನ ಪಾಡು ಕೇಳಿ! ಅಪ್ಪ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದರು. ನನ್ನ ಮದುವೆಯ ಹೊಣೆ ಮಾಮಾನದು. ಅವರು ಹೂಂ ಅನ್ನದೆ ಅವ್ವ ಯಾರಿಗೂ ಮಾತು ಕೊಡುವಂತಿರಲಿಲ್ಲ. ಹೆಣ್ಣು ನೋಡಲು ಬಂದವರು ನನ್ನನ್ನು ನೋಡುತ್ತಿದ್ದರು, ನಾನು ಕದ್ದು ಹುಡುಗನನ್ನು ನೋಡುತ್ತಿದ್ದೆ, ಮಾಮಾ ಕಟ್ಟೆಯ ಮೇಲೆ ನಿಂತು ಕಾರು ನೋಡುತ್ತಿದ್ದರು! ಬಸವನ ಬಾಗೇವಾಡಿಯವರು ಕೆಂಪು ಕಾರಿನಲ್ಲಿ ಬಂದರು. "ಬಣ್ಣ ಸೇರವಲ್ದು" ಎಂದರು ಮಾಮಾ. ಚಡಚಣದ ದ್ರಾಕ್ಷಿ ತೋಟದವರು ಕರಿ ಕಾರಿನಲ್ಲಿ ಬಂದರು. ಅವರಿಗೂ ಅದೇ ಉತ್ತರ. ಬಂದವರು ಉಪ್ಪಿಟ್ಟು-ಶಿರಾ ತಿಂದು, ಮಾಮಾನನ್ನು ಬೈಯುತ್ತ ಹೋಗುತ್ತಿದ್ದರು.

ಅವ್ವನ ತಾಳ್ಮೆ ತಪ್ಪಿತು. "ಅಣ್ಣಾ, ಹುಡುಗಿ ಸಂಸಾರ ಮಾಡೂದು ಹುಡುಗನ ಕೂಡೋ, ಕಾರಿನ ಕೂಡೋ? ಹಿಂಗಾದ್ರ ಯಾರ ಬರ್ತಾರ ನಮ್ಮ ಮನಿಗೆ?"

ಆಗ ಬಂದವರು ಮುದ್ದೇಬಿಹಾಳ ಕಡೆಯವರು. ಹುಡುಗ ದನದ ಡಾಕ್ಟರು, ಊರು ತಂಗಡಗಿ. ಬರುವ ದಾರಿಯಲ್ಲಿ ಯಾರದೋ ಎಮ್ಮೆ ಈಯಲಾರದೆ ಒದ್ದಾಡುತ್ತಿದೆ ಎಂದು ಫೋನ್ ಬಂದು, ಕಾರನ್ನು ಎರೆಹೊಲದ ದಾರಿಗೆ ಇಳಿಸಿದ್ದರಂತೆ. ಮಳೆಗಾಲ ಬೇರೆ! ಕಾರಿಗೆ ಚಕ್ರದಿಂದ ಛಾವಣಿಯವರೆಗೆ ರಾಡಿ ಮೆತ್ತಿತ್ತು. ಅವ್ವ ದೇವರ ಮನೆಯ ಕಡೆ ಕೈ ಮುಗಿದಳು. ಮಾಮಾ ಕಾರನ್ನು ಒಂದು ಸುತ್ತು ಹಾಕಿ ಬಂದು ಹೇಳಿದರು:

"ಎರೀ ಹೊಲದ ಬಣ್ಣ! ಈ ಬಣ್ಣದ ಕಾರ್ ತಗೊಂಡಾಂವ ನೆಲಾ ಬಿಟ್ಟು ಹಾರೂ ಮನಶಾ ಅಲ್ಲ. ಸಕ್ಕರಿ ತರ್ರಿ!"

ಸಕ್ಕರೆ ತಿಂದ ಮೇಲೆ ಮುಗಿಯಿತು, ನಮ್ಮಲ್ಲಿ ಮಾತು ಹಿಂದೆ ತೆಗೆದುಕೊಳ್ಳುವಂತಿಲ್ಲ. ನಿಶ್ಚಯದ ದಿನ ಅದೇ ಕಾರು ತೊಳೆದುಕೊಂಡು ಬಂತು. ಹಾಲಿನಂಥ ಬಿಳಿ! ನೆರೆದವರೆಲ್ಲ ಮಾಮಾನ ಮುಖ ನೋಡಿದರು. ಮಾಮಾ ಕೆಮ್ಮಿ, "ಇಲೆಕ್ಷನ್ನಿಗೆ ನಿಂತ್ರ ನಿಂದರ್ಲಿ ಬಿಡ್ರಿ, ನಮ್ಮನ್ಯಾಗ ವೋಟ್ ಅದಾವಲ್ಲ!" ಎಂದುಬಿಟ್ಟರು. ಅಂದಿನಿಂದ ನನ್ನ ಮದುವೆ ನಿಂತಿರುವುದೇ ರಾಡಿಯ ಮೇಲೆ ಎಂದು ನೆಂಟರೆಲ್ಲ ನಗುತ್ತಾರೆ. ಎಷ್ಟು ಸಲ ನಕ್ಕರೂ ಅವರಿಗೆ ಸಾಕಾಗುವುದಿಲ್ಲ.

ಈಚೆಗೆ ಮಾಮಾನ ಕಣ್ಣಿಗೆ ಪೊರೆ ಬಂದಿದೆ. ಆಪರೇಶನ್ನಿಗೆಂದು ನಾನೂ ನನ್ನ ಗಂಡನೂ ಅವರನ್ನು ವಿಜಯಪುರಕ್ಕೆ ಕರೆದುಕೊಂಡು ಹೊರಟಿದ್ದೆವು. ದಾರಿಯಲ್ಲಿ ಇವರು ಚಹಾ ತರಲು ಇಳಿದರು. ಮಾಮಾ ರಸ್ತೆಯ ಕಡೆ ಕಣ್ಣು ಕಿರಿದು ಮಾಡಿ, "ಈಗ ಎಲ್ಲಾ ಕಾರೂ ಒಂದ ನಮೂನಿ ಕಾಣ್ತಾವ" ಎಂದರು. ಅವರನ್ನು ನಗಿಸೋಣವೆಂದು ನಾನು, "ಮಾಮಾ, ಅವತ್ತ ಅವರು ಕಾರ್ ತೊಳಕೊಂಡ ಬಂದಿದ್ರ ನನ್ನ ಮದುವಿ ಆಗ್ತಿದ್ದಿಲ್ಲ ನೋಡ್ರಿ!" ಎಂದೆ.

"ಹುಚ್ಚಿ! ಬಣ್ಣಾ ಕಲಿಸಿ ಕಲಿಸಿ ಮುದುಕ ಆದಾಂವ ನಾ. ರಾಡಿ ಯಾವುದು, ಬಣ್ಣ ಯಾವುದು ಗೊತ್ತಾಗೂದಿಲ್ಲೇನ ನನಗ?"

"ಹಂಗಾದ್ರ ಮೊದಲ ಬಂದವರನ್ನ ಯಾಕ ಬ್ಯಾಡ ಅಂದ್ರಿ?"

"ಒಬ್ಬಾಂವ ನಿಮ್ಮವ್ವ ನೀರು ಕೊಟ್ರ ಆಕಿ ಮುಖಾ ಸೈತ ನೋಡಲಿಲ್ಲ. ಇನ್ನೊಬ್ಬಾಂವ ನಿನ್ನ ಹೆಸರ ಕೇಳೂಕಿಂತ ಮೊದಲ ಹೊಲಾ ಎಷ್ಟ ಐತಿ ಅಂದ. ಅದನ್ನ ಹೇಳಿ ಬ್ಯಾಡ ಅಂದ್ರ ಮನಸ್ತಾಪ ಆಗತಾವ, ನಾಕ ಮಂದ್ಯಾಗ ನಿನ್ನ ಹೆಸರ ಕೆಡತೈತಿ. ಬಣ್ಣ ಸೇರಲಿಲ್ಲ ಅಂದ್ರ 'ಮಾಸ್ತರ ಹುಚ್ಚ ಅದಾನ' ಅಂತ ನನ್ನ ಬೈದು ಹೋಗತಾರ. ಬೈಲಿ ಬಿಡು. ಇಂವ ಕಾರ್ ಇಳದಾಂವನ ಅವರಪ್ಪನ ತಲಿ ಬಡೀಬಾರದಂತ ಬಾಗಲಾ ಮ್ಯಾಲ ಅಂಗೈ ಹಿಡದಾ. ಅದನ್ನ ನೋಡಿದ ಮ್ಯಾಲ ಕಾರ್ ಯಾವ ಬಣ್ಣ ಇದ್ರ ಏನವಾ?"

ಚಹಾದಂಗಡಿಯ ಮುಂದೆ ನಿಂತಿದ್ದ ನನ್ನ ಗಂಡನ ಕಡೆ ನೋಡಿದೆ. ಮಾಮಾ ಮೆಲ್ಲಗೆ ಹೇಳಿದರು: "ನಿಮ್ಮಪ್ಪ ಇದ್ದಿದ್ರ ನೆಟ್ಟಗ ಬ್ಯಾಡ ಅಂದಬಿಡ್ತಿದ್ದ. ನನಗ ಅಷ್ಟ ಧೈರ್ಯ ಎಲ್ಲಿತ್ತು?"

ಅಪ್ಪನ ಮುಖ ನನಗೆ ನೆನಪಿಲ್ಲ. ಅಪ್ಪ ಎಂದರೆ ನನ್ನ ಕಣ್ಣ ಮುಂದೆ ಬರುವುದು ಮಾಮಾನ ಮುಖವೇ. ಹಾಗೆಂದು ಅವರಿಗೆ ಅಲ್ಲೇ ಹೇಳಿಬಿಟ್ಟೆ. ಮಾಮಾ ಕಿಟಕಿಯ ಕಡೆ ತಿರುಗಿ, ಸರಿಯಾಗಿ ಕಾಣದ ಆ ರಸ್ತೆಯನ್ನೇ ನೋಡುತ್ತ ಕೂತರು.