ಸುನಂದಾ ಬಾಯಿ ನನ್ನನ್ನು ಕ್ಷಮಿಸಿದ್ದು

ಯಾರಾದರೂ ಬೈದರೆ ತಿರುಗಿ ಬೈಯಬಹುದು. ಅಷ್ಟು ಧೈರ್ಯವಿಲ್ಲದಿದ್ದರೆ ಮನೆಗೆ ಬಂದು ಹೆಂಡತಿಯ ಮುಂದೆ ಬೈದು ಹಗುರಾಗಬಹುದು. ಆದರೆ ಯಾರಾದರೂ ನಿಮ್ಮನ್ನು ಕ್ಷಮಿಸಿಬಿಟ್ಟರೆ ಏನು ಮಾಡುತ್ತೀರಿ? ಅದೂ ನೀವು ಮಾಡಿದ ತಪ್ಪು ಯಾವುದೆಂದು ನಿಮಗೇ ಗೊತ್ತಿಲ್ಲದಿದ್ದಾಗ?

ನಾನು ರಾಯಬಾಗದ ಕಡೆಯ ಒಂದು ಕ್ಯಾಥೊಲಿಕ್ ಶಾಲೆಯಲ್ಲಿ ಕನ್ನಡ ಮಾಸ್ತರ. ನಮ್ಮದು ಚಿಂಚಲಿಯ ಕಬ್ಬು ಬೆಳೆಯುವ ಲಿಂಗಾಯತ ಮನೆತನ; ಆದರೂ ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲ ಬಂದರೆ ಶಾಲೆಯಲ್ಲಿ ಯಾರೂ ಅದರಿಂದ ಹೊರಗಲ್ಲ. ಆ ಕಾಲ ಶುರುವಾಗುವ ಬೂದಿ ಬುಧವಾರದಂದು ಸಿಸ್ಟರ್‌ಗಳ ಹಣೆಯ ಮೇಲೆ ಬೂದಿಯ ಶಿಲುಬೆ, ನನ್ನ ಹಣೆಯ ಮೇಲೆ ಎಂದಿನ ವಿಭೂತಿ. ಸಣ್ಣ ಮಕ್ಕಳು ನಾವೆಲ್ಲ ಒಂದೇ ಮನೆಯವರೆಂದು ತಿಳಿದಿದ್ದರೂ ಆಶ್ಚರ್ಯವಿಲ್ಲ. ಈ ವರ್ಷ ಮಂಗಳೂರು ಕಡೆಯವರಾದ ನಮ್ಮ ಹೆಡ್ ಸಿಸ್ಟರ್, ಶಿಕ್ಷಕರನ್ನೆಲ್ಲ ಕೂರಿಸಿಕೊಂಡು, “ಬರೀ ಉಪವಾಸ ಸಾಲದು. ಒಬ್ಬರನ್ನಾದರೂ ಮನಸಾರೆ ಕ್ಷಮಿಸಿ. ಕ್ಷಮಿಸಿದ ಮೇಲೆ ಹಳೆಯದನ್ನು ಕೆದಕಲಿಕ್ಕಿಲ್ಲ. ಮತ್ತೆ, ಕಬ್ಬು ಕಡಿಯುವವರ ಗುಡಿಸಲುಗಳಿಗೆ ಕೊಡಲಿಕ್ಕೆ ಒಳ್ಳೆಯ ವಸ್ತು ಏನಾದರೂ ತನ್ನಿ” ಎಂದರು.

ಯಾರನ್ನು ಕ್ಷಮಿಸಲಿ ಎಂದು ನಾನು ಉತ್ಸಾಹದಿಂದ ಲೆಕ್ಕ ಹಾಕುತ್ತಿರುವಾಗ ಹೊಲಿಗೆ ಕಲಿಸುವ ಸುನಂದಾ ಬಾಯಿ ಎದುರಿಗೆ ಬಂದು ನಿಂತರು. ನಮ್ಮ ಕಡೆ ಶಿಕ್ಷಕಿಯರಿಗೆ ಬಾಯಿ ಎನ್ನುತ್ತೇವೆ. ಈ ಬಾಯಿಯಿಂದ ಮಾತು ಹೊರಡುವುದೇ ಅಪರೂಪ.

“ಸರ್, ನಾ ನಿಮ್ಮನ್ನ ಮಾಫ ಮಾಡೀನ್ರಿ.”

“ಯಾತಕ್ಕರಿ ಬಾಯೇರ? ನಾ ಏನ್ ಮಾಡೀನಿ?”

“ಕೆದಕಬಾರದಂತ ಸಿಸ್ಟರ್ ಹೇಳ್ಯಾರಲ್ರಿ” ಎಂದವರೇ ಶಾಂತವಾಗಿ ಸ್ಟಾಫ್ ರೂಮಿನ ಮೂಲೆಯ ಹೊಲಿಗೆ ಮಷಿನ್ನಿನ ಕಡೆ ನಡೆದರು. ಅವರ ಶಾಂತಿಯಷ್ಟೂ ನನ್ನಿಂದ ಕಿತ್ತುಕೊಂಡು ಹೋದಂತಿತ್ತು.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಪದ್ಯ ಓದುತ್ತ ಓದುತ್ತ ನಡುವೆಯೇ ನಿಂತುಬಿಡುತ್ತಿದ್ದೆ. ಶಾಲೆಯ ವಾರ್ಷಿಕ ಗ್ಯಾದರಿಂಗಿನ ಪರದೆ ಸೊಟ್ಟಗೆ ಹೊಲಿದಿದ್ದಾರೆ ಎಂದಿದ್ದಕ್ಕೋ? ಆದರೆ ಅದು ಸೊಟ್ಟಗೇ ಇತ್ತಲ್ಲ! ಫ್ಯಾನಿನ ಕೆಳಗಿನ ನನ್ನ ಕುರ್ಚಿಯನ್ನು ಅವರಿಗೆ ಬಿಟ್ಟುಕೊಟ್ಟೆ. ಅವರ ಚೀಲ ಹೊರಲು ಹೋದೆ. ಅವರು ಗಾಬರಿಯಾಗಿ ಎರಡು ಕೈಯಿಂದ ಚೀಲ ಹಿಡಿದುಕೊಂಡರು. ಮನೆಯಲ್ಲಿ ಹೇಳಿಕೊಂಡರೆ ಹೆಂಡತಿ ರೊಟ್ಟಿ ಬಡಿಯುವುದನ್ನೂ ನಿಲ್ಲಿಸದೆ, “ನೀವು ಮಾಡಿದ್ದು ಒಂದ ಇದ್ದಿದ್ರ ನೆನಪಾಗತಿತ್ತು” ಎಂದಳು. ಕೊನೆಗೆ ಸಿಸ್ಟರ್ ಬಳಿ ಹೋದೆ. “ಪ್ರಸಾದ ಕೊಟ್ಟರೆ ಯಾಕೆ ಅಂತ ಕೇಳುತ್ತೀರಾ ಮಾಸ್ಟ್ರೇ? ಸುಮ್ಮನೆ ತಗೊಳ್ಳಿ” ಎಂದು ನಕ್ಕರು.

ಗುಡಿಸಲುಗಳಿಗೆ ಕೊಡುವ ವಸ್ತುಗಳ ಗಂಟು ಕಟ್ಟುವ ದಿನ ಬಂತು. ನಾನು ಹೊಸ ಸೋಲಾಪುರ ಚಾದರ ತಂದಿದ್ದೆ. ಎಲ್ಲರಿಗೂ ಬಿಚ್ಚಿ ತೋರಿಸಿ, ಮತ್ತೆ ಮಡಚಿ, ಹೊಸದಾಗಿ ಬಂದವರಿಗೆ ಮತ್ತೆ ಬಿಚ್ಚಿ ತೋರಿಸಿದೆ. ಎಂಟನೆಯ ತರಗತಿಯಲ್ಲಿ ಓದುವ ಸುನಂದಾ ಬಾಯಿಯವರ ಮಗಳು ಪ್ರಿಯಾ ಗೆಳತಿಯರ ಜೊತೆ ಗಂಟು ಕಟ್ಟುತ್ತಿದ್ದಳು. ತಾಯಿಗಂತೂ ನನ್ನ ಒಳ್ಳೆಯತನ ತಿಳಿಯಲಿಲ್ಲ, ಮಗಳಿಗಾದರೂ ತಿಳಿಯಲಿ ಎಂದು ಅಕ್ಕರೆಯಿಂದ ಕೇಳಿದೆ: “ಏನವಾ ಪ್ರಿಯಾ, ಈ ಸಲ ಚಳ್ಯಾಗ ನಮ್ಮ ಸ್ವೆಟರ್ ಕಾಣಲೇ ಇಲ್ಲಲ್ಲ?”

ನನ್ನ ಮಗಳಿಗೆ ಬಿಗಿಯಾದ ನೀಲಿ ಸ್ವೆಟರನ್ನು ಹಿಂದೊಮ್ಮೆ ಪ್ರಿಯಾಳಿಗೆ ಕೊಟ್ಟಿದ್ದೆವು. ಹುಡುಗಿಯ ಕೈ ನಿಂತಿತು. ಗೆಳತಿಯರು ಅವಳ ಮುಖ ನೋಡಿದರು. ಅವಳು ಹಗ್ಗ ಕೆಳಗಿಟ್ಟು, ತಲೆ ತಗ್ಗಿಸಿ ಹೊರಗೆ ಹೋದಳು.

“ಇದಕ್ಕರಿ ಸರ್.” ಹಿಂದೆ ಸುನಂದಾ ಬಾಯಿ ನಿಂತಿದ್ದರು. ದನಿ ಏರಿಸಲಿಲ್ಲ. “ಕಂಡಾಗೊಮ್ಮೆ ನಮ್ಮ ಸ್ವೆಟರ್, ನಮ್ಮ ಸ್ವೆಟರ್ ಅಂತೀರಿ. ಹುಡುಗಿ ನಡಗತಾಳ, ಆದ್ರ ಅದನ್ನ ಹಾಕ್ಕೊಳ್ಳಾಕ ಒಲ್ಲೆ ಅಂತಾಳ. ಸ್ಟಾಫ್ ರೂಮಿನ ಕಡೆ ಬರೂದೂ ಬಿಟ್ಟಾಳ.”

ಷಷ್ಠೀ ವಿಭಕ್ತಿ ಕಲಿಸುತ್ತಲೇ ತಲೆ ಹಣ್ಣಾದವನು ನಾನು. ಸ್ವೆಟರ್ ಕೊಟ್ಟಿದ್ದೆ, ‘ನಮ್ಮ’ ಎನ್ನುವುದನ್ನು ಮಾತ್ರ ಕೊಟ್ಟಿರಲಿಲ್ಲ. “ಕರೀರಿ ಬಾಯೇರ ಆಕೀನ್ನ. ಎಲ್ಲಾರ ಮುಂದ ತಪ್ಪಾತು ಅಂತೀನಿ” ಎಂದೆ.

“ಬ್ಯಾಡ್ರಿ!” ಅವರು ಕೈ ಮುಗಿಯುವುದೊಂದೇ ಬಾಕಿ. “ಎಲ್ಲಾರ ಮುಂದ ಅಂದದ್ದಕ್ಕ ಇಷ್ಟೆಲ್ಲಾ ಆಗೇತಿ.”

“ಹಂಗಾರ ಇವತ್ತಿಂದು? ಅದೂ ಮೊದಲಿನ ಮಾಫಿಯೊಳಗ ಬರತೈತೇನ್ರಿ?”

“ಇವತ್ತಿಂದು ಬ್ಯಾರೆ ಐತ್ರಿ. ನೋಡೋಣು.”

ಗಂಟುಗಳ ಗಾಡಿ ಹೋಗುವಾಗ ನಾನು ಜೊತೆಗೆ ಹೋಗಲಿಲ್ಲ. ಚಾದರ ಯಾರಿಗೆ ಸಿಕ್ಕಿತೆಂದು ಇವತ್ತಿಗೂ ಗೊತ್ತಿಲ್ಲ. ಗೊತ್ತಾಗದೆ ಇರುವುದು ಇಷ್ಟು ಕಷ್ಟವೆಂದೂ ಗೊತ್ತಿರಲಿಲ್ಲ. ಮುಂದಿನ ವಾರ ಪ್ರಿಯಾ ಒಂದು ಸಂಧಿ ಕೇಳಿಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ನನ್ನ ನಾಲಗೆಯ ತುದಿಯಲ್ಲಿ ಒಂದು ದೊಡ್ಡ ಭಾಷಣವೇ ಇತ್ತು. ನುಂಗಿಕೊಂಡು ಸಂಧಿಯನ್ನಷ್ಟೇ ಬಿಡಿಸಿಕೊಟ್ಟೆ. ಅವಳು ಹೋದ ಮೇಲೆ ಸುನಂದಾ ಬಾಯಿ ಮಷಿನ್ನಿನಿಂದ ತಲೆಯೆತ್ತದೆ, “ಇವತ್ತ ನಿಮ್ಮ ಪಾಠ ಚಲೋ ಆತ್ರಿ” ಎಂದರು.

ಅಷ್ಟರಲ್ಲಿ ನೆನಪಾಯಿತು, ನಾನಿನ್ನೂ ಯಾರನ್ನೂ ಕ್ಷಮಿಸಿಲ್ಲ! ನನ್ನ ಬರಹದ ಮೇಲೆಲ್ಲ ಚಹಾದ ಕಪ್ಪು ಇಡುವ ಗಣಿತದ ಕುಲಕರ್ಣಿ ಮಾಸ್ತರರನ್ನೇ ಕ್ಷಮಿಸೋಣವೆಂದು ಉದಾರ ಮುಖ ಮಾಡಿಕೊಂಡು ವರಾಂಡಕ್ಕೆ ಬಂದೆ. ಅವರೂ ಆ ಕಡೆಯಿಂದ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವರ ಮುಖ ನನ್ನದಕ್ಕಿಂತ ಉದಾರವಾಗಿತ್ತು. ಅವರು ಬಾಯಿ ತೆರೆಯುವುದರೊಳಗೆ ನಾನು ಹತ್ತಿರದ ತರಗತಿಗೆ ನುಗ್ಗಿ ಬಾಗಿಲು ಹಾಕಿಕೊಂಡೆ. ಒಳಗೆ ಇಂಗ್ಲಿಷ್ ಪಾಠ ನಡೆದಿತ್ತು.