ಸಹಿ ನೋಡೋವರೆಗೂ ಸಹಿಸು!

"ನನ್ನ ಕಣ್ಣು ತಪ್ಪಿಸಿ ಒಂದೇ ಒಂದು ಕಳ್ಳಸಹಿ ದಾಟಿಲ್ಲ. ಈ ಫೈಲು ಯಾವ ಮಹಾ! ಸಹಿ ನೋಡದೆ ತೆರೆಯೋ ಹಾಗಿಲ್ಲ!" ಎಂದು ಘೋಷಿಸಿ ಸಹಿರಾಯರು ಕಂಪ್ಯೂಟರಿನ ಮುಂದೆ ರಣರಂಗಕ್ಕಿಳಿದ ಗತ್ತಿನಲ್ಲಿ ಕೂತರು. ಬ್ಯಾಂಕಿನಲ್ಲಿ ಚೆಕ್ಕುಗಳ ಸಹಿ ತಾಳೆ ನೋಡುತ್ತಲೇ ನಿವೃತ್ತರಾದ ಅವರಿಗೆ ಆ ಹೆಸರಿಟ್ಟವರು ಸಹೋದ್ಯೋಗಿಗಳು.

ಹೆಂಡತಿಗೆ ತಳಮಳ. ಮನೆಯ ಮುಂದಿನ ಕೋಣೆಯೇ ಆಕೆಯ ಹೊಲಿಗೆ ಅಂಗಡಿ. ಬೀಳ್ಕೊಡುಗೆಯಲ್ಲಿ ಫುಟ್‌ಬಾಲ್ ಕೋಚ್‌ಗೆ ಕೊಡಲೆಂದು ತಂಡದವರು ಒಂದು ಜಾಕೆಟ್ಟನ್ನೂ ಕೋಚ್‌ನ ಸಹಿಯಿದ್ದ ಕಾಗದವನ್ನೂ ತಂದಿದ್ದರು. ಜಾಕೆಟ್ಟಿನ ಬೆನ್ನಿಗೆ ಆ ಸಹಿಯನ್ನೇ ದಾರದಲ್ಲಿ ಮೂಡಿಸಬೇಕು. ಸಮಾರಂಭ ಸಂಜೆಗೇ. ಆ ಸಹಿಯನ್ನು ಕಸೂತಿ ಮಷಿನ್ನಿಗೆ ಅರ್ಥ ಮಾಡಿಸುವ ಸಾಫ್ಟ್‌ವೇರಿನ ಫೈಲು ಈಗ ತಾನೇ ಡೌನ್‌ಲೋಡ್ ಆಗಿತ್ತು.

"ಮಷಿನ್ ಕಂಪನಿಯವರೇ ಕೊಟ್ಟಿದ್ದು ರೀ! ಮಾತು ತಪ್ಪಿದ್ರೆ ಆ ತಂಡದಿಂದ ಗುಂಡಿ ಹಾಕೋ ಕೆಲಸಾನೂ ಬರಲ್ಲ!"

"ಸಹಿ ನೋಡೋವರೆಗೂ ಸಹಿಸು!"

ಫೈಲು ಅಸಲಿಯೇ ಎಂದು ಕಂಪ್ಯೂಟರೇ ತಾಳೆ ನೋಡುವ ಡಿಜಿಟಲ್ ಸಹಿಯ ವಿವರ ತೆರೆದರು. ಕಂಪನಿಯ ಹೆಸರಿತ್ತು. ಕೆಳಗೆ ‘ಈ ಸಹಿ ಸರಿಯಾಗಿದೆ’ ಎಂದೂ ಇತ್ತು. ಸಹಿ ಮಾತ್ರ ಎಲ್ಲೂ ಇರಲಿಲ್ಲ! ಬಾಲವಿಲ್ಲ, ಸುಳಿಯಿಲ್ಲ, ಕೆಳಗೊಂದು ಗೀಟೂ ಇಲ್ಲ. ರಾಯರು ಭೂತಗನ್ನಡಿ ಹಿಡಿದು ಪರದೆಗೆ ಮೂಗು ತಾಗಿಸಿದರು.

"ಸರಿಯಾಗಿದೆ ಅಂತ ಬರೆದಿದೆಯಲ್ರೀ!"

"ಯಾವ ಕಳ್ಳ ತಾನೇ ‘ನಾನು ಕಳ್ಳ’ ಅಂತ ಬೋರ್ಡ್ ಹಾಕ್ಕೊಂಡು ಬರ್ತಾನೆ?"

ಹಟ ಏರಿತು. ಹುಡುಕಿ ಹುಡುಕಿ, ಊರುಕೇರಿ ಗೊತ್ತಿಲ್ಲದ ಯಾವುದೋ ಜಾಲತಾಣದಿಂದ ‘ಸಹಿ ಪರೀಕ್ಷಕ’ ಎಂಬ ಬಿಟ್ಟಿ ಸಾಫ್ಟ್‌ವೇರ್ ಇಳಿಸಿಕೊಂಡರು. ‘ಇದಕ್ಕೆ ಯಾರ ಸಹಿಯೂ ಇಲ್ಲ, ತೆರೆಯಲೇಬೇಕೇ?’ ಎಂದು ಕಂಪ್ಯೂಟರ್ ಕೇಳಿತು.

"ನೋಡು, ಪೊಲೀಸರನ್ನೇ ಬಾಗಿಲಲ್ಲಿ ತಡೀತಿದೆ!" ಎಂದು ರಾಯರು ‘ಹೌದು’ ಒತ್ತಿದರು.

ಮುಂದಿನದು ಪ್ರಳಯ! ಬೋಳುತಲೆಗೆ ಎಣ್ಣೆ, ವಿದೇಶದಲ್ಲಿ ಮನೆ, ವಧು ಬೇಕೇ ವಧು... ಒಂದು ಜಾಹೀರಾತು ಮುಚ್ಚಿದರೆ ಎರಡು ಹುಟ್ಟುತ್ತಿದ್ದವು. ಕೊನೆಗೆ ಕಂಪ್ಯೂಟರ್ ಕಪ್ಪಗಾಗಿ ಮುಷ್ಕರ ಹೂಡಿತು.

"ಫೈಲಿನ ಸಹಿ ನೀವು ನೋಡಿದ್ರಿ. ಆ ಪರೀಕ್ಷಕನ ಸಹಿ ಯಾರು ನೋಡಿದ್ರು?" ಹೆಂಡತಿಯ ದನಿ ನಡುಗಿತು. ಆಕೆಯ ಕಣ್ಣಲ್ಲಿ ನೀರು ಕಂಡು ರಾಯರು ಭೂತಗನ್ನಡಿ ಕೆಳಗಿಟ್ಟರು.

ಆಕೆ ಕಣ್ಣೊರೆಸಿಕೊಂಡು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಗಂಡನ ಕೈಗೆ ತುರುಕಿದಳು. "ಕೈಯಲ್ಲೇ ಹೊಲೀತೀನಿ. ಆದ್ರೆ ಇನ್ನೊಬ್ಬರ ಸಹಿ ಬರೆಯೋಕೆ ನನಗೆ ಬರಲ್ಲ. ಜಾಕೆಟ್ ಮೇಲೆ ನೀವು ಬರೀರಿ!"

"ನಾನಾ? ಇನ್ನೊಬ್ಬರ ಸಹಿ ನಾನು ಹಾಕೋದಾ?"

"ಹಾಕ್ತೀರೋ, ಸತ್ತ ಕಂಪ್ಯೂಟರನ್ನ ಹೊತ್ಕೊಂಡು ಹೋಗಿ ಕೋಚ್‌ಗೆ ಹೊದಿಸ್ತೀರೋ?"

ಹಾಕಿದರು. ಬೆವರೊರೆಸಿಕೊಳ್ಳುತ್ತಾ, ಬಾಲ, ಸುಳಿ, ಗೀಟು ಸಮೇತ! ಗೆರೆಯ ಹಿಂದೆಯೇ ಆಕೆಯ ಸೂಜಿ ಓಡಿತು.

ಸಂಜೆ ಬಂದ ತಂಡದ ನಾಯಕಿ ಸಹಿಯ ಕಾಗದವನ್ನು ಜಾಕೆಟ್ಟಿನ ಪಕ್ಕ ಹಿಡಿದು ಬೆರಗಾದಳು. "ಥೇಟ್ ನಮ್ಮ ಕೋಚ್ ಸಹಿ! ಯಾವ ಸಾಫ್ಟ್‌ವೇರ್ ಆಂಟಿ ಇದು?"

ಹೆಂಡತಿ ಬಾಗಿಲ ಮರೆಗೆ ಸರಿಯುತ್ತಿದ್ದ ಗಂಡನ ಕಡೆ ಕೈ ತೋರಿಸಿದಳು.

"ಅಲ್ಲಿ ನಿಂತಿದೆಯಲ್ಲಮ್ಮಾ, ಅದೇ! ಜೀವಮಾನವೆಲ್ಲ ಕಳ್ಳಸಹಿ ಹಿಡೀತಿತ್ತು. ಇವತ್ತು ತಾನೇ ಒಂದು ಹಾಕ್ತು!"